ಸ್ವರ್ಗಕ್ಕೆ ಹತ್ತಿರದ ಜಾಗ

"ಬ್ರೋಕರಣ್ಣ, ಬಾಯಾರಿನಲ್ಲಿ ತೋಟ ಉಂಟು ಅಂತ ಹೇಳಿದ್ದು ಇದನ್ನೆಯಾ?"

"ಇದೇ ಭಟ್ರೇ. ಎರಡೆಕ್ರೆ ಅಡಿಕೆ, ಮೂರು ಸುರಂಗ. ಪಂಪು ಬೇಡ, ಕರೆಂಟು ಬೇಡ. ಗುಡ್ಡೆಯೊಳಗಿಂದ ನೀರು ತನ್ನಷ್ಟಕ್ಕೇ ಬರ್ತದೆ."

"ಬರುವುದೇನೋ ಬರ್ತದೆ, ಬೆಳ್ಳಗೆ ಯಾಕೆ?"

"ಮೇಲೆ ಕಪ್ಪುಕಲ್ಲಿನ ಕೋರೆ, ಕ್ರಶರ್ ಉಂಟಲ್ವಾ!"

"ಕಪ್ಪುಕಲ್ಲಿಂದ ಬಿಳಿ ನೀರಾ?"

"ಕರಿ ಎಮ್ಮೆ ಬಿಳಿ ಹಾಲು ಕೊಡುವುದಿಲ್ವಾ?"

(ಬ್ರೋಕರನ ಕಣ್ಣಿಗೆ ಕ್ರಶರ್ ಹುಡಿ ಬಿದ್ದರೂ ನೀರು ಬರುವುದಿಲ್ಲ.)

"ಸೋಗೆಯೂ ಬೆಳ್ಳಗುಂಟಲ್ಲ?"

"ಮದ್ದು ಬಿಡುವ ಖರ್ಚು ಉಳಿಯಿತು ಅಂತ ತಿಳ್ಕೊಳ್ಳಿ."

"ಮದ್ದು ಅಂದಾಗ ನೆನಪಾಯ್ತು. ಆಚೆ ಎಣ್ಮಕಜೆಯ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಬಿಡ್ತಿದ್ದರಲ್ಲ?"

"ಎಂಡೋಸಲ್ಫಾನ್. ಪ್ಲಾಂಟೇಶನ್ ಕಾರ್ಪೊರೇಷನಿನವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಿಟ್ಟರು, ಅದೂ ಟೀ ಸೊಳ್ಳೆ ಅನ್ನುವ ಗೇರಿನ ಕೀಟಕ್ಕೆ. 2000ದಲ್ಲೇ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟೇ ಬೇಡ ಅಂತು."

"ಸೊಳ್ಳೆ ಸತ್ತಿತಾ?"

"ಸೊಳ್ಳೆಯ ಲೆಕ್ಕ ಯಾರೂ ಇಡಲಿಲ್ಲ ಭಟ್ರೇ. ಅದರಿಂದ ನರಳಿದ ಮನುಷ್ಯರ ಪಟ್ಟಿ ಸರಕಾರದ ಹತ್ರ ಉಂಟು."

"ಬಿಟ್ಟದ್ದೆಲ್ಲ ಎಲ್ಲಿ ಹೋಯ್ತು?"

"ಗಾಳಿಯಲ್ಲಿ ಹೋಯ್ತು. ನಾನು ಮಾರುವುದು ಮಣ್ಣು, ಗಾಳಿ ಅಲ್ಲ."

"ಇಲ್ಲಿಗೆ ಹತ್ತಿರ ಯಾವ ಊರು?"

"ಸ್ವರ್ಗ!"

"ಅಯ್ಯೋ, ಇಷ್ಟು ಬೇಗವಾ?"

"ಎಣ್ಮಕಜೆಯ ಊರಿನ ಹೆಸರು ಮಾರಾಯ್ರೆ! ಒಳ್ಳೇ ರಸ್ತೆ ಉಂಟು."

"ರಸ್ತೆ ಯಾಕೆ? ಈ ನೀರು ಕುಡಿದರೆ ಸಾಕು. ಹೌದು, ಈಗಿನ ಧನಿಗಳು ಎಲ್ಲಿದ್ದಾರೆ?"

"ಮಂಗಳೂರು ಫ್ಲಾಟಿನಲ್ಲಿ. ಶನಿವಾರ ಬರ್ತಾರೆ. ಕುಡಿಯುವ ನೀರು ಮಾತ್ರ ಅಲ್ಲಿಂದಲೇ ಬಾಟಲಿಯಲ್ಲಿ ತರ್ತಾರೆ."

"ಹಾಗಾದರೆ ಖಾಲಿ ಬಾಟಲಿ ಇರಬೇಕಲ್ಲ? ಒಂದರಲ್ಲಿ ಸುರಂಗದ ನೀರು ತುಂಬಿಸಿ, ಇನ್ನೊಂದರಲ್ಲಿ ಮಣ್ಣು. ಲ್ಯಾಬಿನ ಚೀಟಿ ಬಂದ ಮೇಲೆ ಅಡ್ವಾನ್ಸು."