ಜಾಲಹಳ್ಳಿ ಪಾಠಸೂತ್ರ: ಭಾಷ್ಯ ಸಹಿತ

ಅಥ ಪಾಠವಿಸ್ಮರಣ ಶಾಸ್ತ್ರ.

ಸಂಸ್ಥೆಗಳು ಹಿಂದಿನ ಕೆಲಸಗಳಿಂದ ಪಾಠ ಕಲಿಯುವುದಿಲ್ಲವೆಂದು ಲೋಕ ದೂರುತ್ತದೆ. ಇದು ಪೂರ್ವಪಕ್ಷ. ಅವು ಖಂಡಿತ ಕಲಿಯುತ್ತವೆ. ಒಂದೇ ಪಾಠವನ್ನು ಪ್ರತಿಸಲವೂ ಹೊಸದಾಗಿ, ಅದೇ ಬೆರಗಿನಿಂದ ಕಲಿಯುತ್ತವೆ. ಇದು ಸಿದ್ಧಾಂತ. ಇದನ್ನು ಸ್ಥಾಪಿಸಲು ಈ ಬಡ ಭಾಷ್ಯಕಾರ ಜಾಲಹಳ್ಳಿಯ ಗಂಗಮ್ಮ ಸರ್ಕಲ್ಲಿಗೆ ಹತ್ತಿರದ ತನ್ನ ಬೀದಿಯಲ್ಲಿ, ಮನೆಯ ಗೇಟಿಗೆ ಒರಗಿ, ಬಹುಕಾಲ ಕ್ಷೇತ್ರಕಾರ್ಯ ನಡೆಸಿದ್ದಾನೆ.

ಸೂತ್ರ 1: ಬರೆದದ್ದು ಮುಗಿದದ್ದು.

ಭಾಷ್ಯ: ನಮ್ಮ ಬೀದಿಗೆ ಡಾಂಬರು ಬಿತ್ತು. ಅದರ ಬಿಸಿ ಆರುವ ಮುನ್ನ ಪೈಪಿನವರು ಬಂದು ಅಗೆದರು. ಜನ ಕೂಗಾಡಿದರು, ಸಾಹೇಬರು ಬಂದರು, ಸಭೆ ಸೇರಿತು, ಖಾರಾಬೂಂದಿ ಬಂತು. 'ಇನ್ನು ಮುಂದೆ ಪೈಪು ಮೊದಲು, ಡಾಂಬರು ಆಮೇಲೆ' ಎಂದು ನಡಾವಳಿ ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಮುಂದಿನ ಸಲ ಡಾಂಬರು ಬಿದ್ದ ಮೇಲೆ ಕೇಬಲ್ಲಿನವರು ಬಂದರು. ನಾನು ನಡಾವಳಿ ನೆನಪಿಸಿದೆ. 'ಅದು ಪೈಪಿನ ಫೈಲು ಸಾರ್, ನಮ್ಮದು ಕೇಬಲ್ಲು' ಎಂದರು. ತರ್ಕಶಾಸ್ತ್ರದಲ್ಲಿ ಇಷ್ಟು ನಿಷ್ಕಳಂಕ ಉತ್ತರ ಅಪರೂಪ.

ಸೂತ್ರ 2: ಕಲಿತವರಿಗೆ ಹೊಸ ಊರು, ಪಾಠಕ್ಕೆ ಕಪಾಟು.

ಭಾಷ್ಯ: ಇಲ್ಲಿ ನಮ್ಮ ಜಾಲಹಳ್ಳಿಯ ಎಚ್‌ಎಂಟಿಯೇ ಪ್ರಮಾಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚ್ ಫ್ಯಾಕ್ಟರಿ ಶುರುವಾಯಿತು. ಜನತಾ ವಾಚು ಮದುವೆ ಗಂಡುಗಳ ಮಣಿಕಟ್ಟಿಗೇರಿತು. 1969ರ ಡಿಸೆಂಬರ್ 25ರಂದು ಅದೇ ಜಪಾನಿನಲ್ಲಿ ಸೈಕೊ ಕಂಪನಿ ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಅಂದರೆ, ಗುರುವಿನ ಊರಿಂದಲೇ ಎರಡನೇ ಪಾಠ ಹೊರಟಿತು. ಎಚ್‌ಎಂಟಿ ಅದನ್ನು ಓದಲಿಲ್ಲ ಎನ್ನುವಂತಿಲ್ಲ, ಕ್ವಾರ್ಟ್ಜನ್ನೂ ಮಾಡಿತು. ಮನಸ್ಸು ಮಾತ್ರ ಕೀ ಕೊಡುವ ವಾಚಿನಲ್ಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟನ್ ಕ್ವಾರ್ಟ್ಜನ್ನೇ ನಂಬಿ, ಎಚ್‌ಎಂಟಿಯಲ್ಲಿ ಪಳಗಿದ ಕೆಲವರನ್ನೂ ಕರೆದುಕೊಂಡು ಹೊಸೂರಿನಲ್ಲಿ ಫ್ಯಾಕ್ಟರಿ ಕಟ್ಟಿತು. ಕಲಿತವರು ಗಡಿ ದಾಟಿದರು, ಪಾಠ ಇಲ್ಲೇ ಉಳಿಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಈಗ ಜಾಲಹಳ್ಳಿಯಲ್ಲೇ ಎಚ್‌ಎಂಟಿಯ ಮ್ಯೂಸಿಯಂ ಇದೆ. ಕಪಾಟಿನಲ್ಲಿದ್ದ ಪಾಠಕ್ಕೆ ಗಾಜಿನ ಕಪಾಟಿಗೆ ಬಡ್ತಿ ಸಿಕ್ಕಿದೆ.

ಸೂತ್ರ 3: ಎಲ್ಲಕ್ಕೂ ಡಿಸೆಂಬರ್ 25 ಕಾರಣ.

ಭಾಷ್ಯ: ಸೈಕೊ ವಾಚಿನ ತಾರೀಖನ್ನು ಓದುಗರು ಮರೆತಿಲ್ಲ ತಾನೆ? ನಮ್ಮ ಪೀಣ್ಯದ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದ್ದು 2021ರ ಡಿಸೆಂಬರ್ 25ರಂದು! ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಕೂತು ಈ ಸಂಗತಿ ಹೊಳೆದಾಗ ನನಗೆ ರೋಮಾಂಚನವಾಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ಪಾಮರರು ಹೇಳಬಹುದು. ಸಂಬಂಧ ಇದ್ದಿದ್ದರೆ ಸಂಶೋಧನೆ ಯಾಕೆ ಬೇಕಿತ್ತು?

ಆದರೆ ಇದೇ ಸೇತುವೆ ನಮ್ಮ ಶಾಸ್ತ್ರಕ್ಕೆ ಕಲ್ಲು ಹಾಕಿತು. 2022ರ ಫೆಬ್ರವರಿಯಲ್ಲಿ ಹಗುರ ವಾಹನಗಳನ್ನು ಬಿಟ್ಟರು. 2024ರ ಜುಲೈ ಕೊನೆಯಲ್ಲಿ ಭಾರಿ ವಾಹನಗಳನ್ನೂ ಬಿಟ್ಟರು, ಶುಕ್ರವಾರ ಹೊರತು. ಅಂದು ನಿರ್ವಹಣೆ ಕೆಲಸ. ಕಲಿತ ಪಾಠವೊಂದು ಫೈಲು ಬಿಟ್ಟು ಕ್ಯಾಲೆಂಡರಿಗೆ ಇಳಿದಿತ್ತು! ವಾರಕ್ಕೊಮ್ಮೆ ಬರುವ ಪಾಠವನ್ನು ಮರೆಯುವುದು ಹೇಗೆ? ಯಾವ ಸಾಹೇಬರು ವರ್ಗವಾದರೂ ಶುಕ್ರವಾರ ವರ್ಗವಾಗುವುದಿಲ್ಲ. ಶಾಸ್ತ್ರ ಅಲುಗಾಡಿತು.

ಸಂದೇಹ ನಿವಾರಣೆಗೆ ಎದುರುಮನೆಯ ನಿವೃತ್ತ ರಾಯರಲ್ಲಿಗೆ ಹೋದೆ. ಜಗಲಿಯಲ್ಲಿ ಕೂತು ತಮ್ಮ ಹಳೆಯ ಜನತಾ ವಾಚಿಗೆ ಕೀ ಕೊಡುತ್ತಿದ್ದರು.

'ಇನ್ನೂ ಓಡುತ್ತಾ ರಾಯರೇ?'

'ದಿನಾ ಕೀ ಕೊಟ್ರೆ ಓಡುತ್ತಪ್ಪ. ನಿನ್ನೆ ಕೊಟ್ಟಿದ್ದು ನಾಳೆಗೆ ಬರಲ್ಲ.'

ಮೂರು ಸೂತ್ರಗಳಿಗೂ ಅಲ್ಲೇ ಭಾಷ್ಯ ಸಿಕ್ಕಿತು. ಪಾಠ ಕೀ ಕೊಡುವ ವಾಚು. ಸಂಸ್ಥೆಗಳು ಅದನ್ನು ಬ್ಯಾಟರಿ ವಾಚೆಂದುಕೊಂಡು, ಒಮ್ಮೆ ಬರೆದಿಟ್ಟರೆ ತಾನೇ ಓಡುತ್ತದೆಂದು ನಂಬಿವೆ. ವಿಚಿತ್ರವೆಂದರೆ, ಕೀ ಕೊಡುವುದನ್ನು ದೇಶಕ್ಕೆಲ್ಲ ಕಲಿಸಿದ ಊರು ಇದು.

ಈ ಅಮೂಲ್ಯ ಶೋಧವನ್ನು ಶುದ್ಧಪ್ರತಿ ಮಾಡಿ, ಮೂರು ಪ್ರತಿ ತೆಗೆದು, ಸಂಬಂಧಪಟ್ಟ ಕಚೇರಿಗೆ ಒಯ್ದೆ. ಗುಮಾಸ್ತರು ಗೌರವದಿಂದ ಸ್ವೀಕೃತಿ ಮೊಹರು ಒತ್ತಿ, ಕಪಾಟು ತೆರೆದರು. ಒಳಗೆ ಜಾಗವಿರಲಿಲ್ಲ.

'ಪರವಾಗಿಲ್ಲ ಸಾರ್, ಹೊಸ ಕಪಾಟಿಗೆ ಬರೆದಿದ್ದೀವಿ' ಎಂದರು.

ಮನೆಗೆ ಬಂದರೆ ಬೀದಿಗೆ ಹೊಸ ಡಾಂಬರು ಬಿದ್ದಿತ್ತು. ಬೀದಿಯ ತುದಿಯಲ್ಲಿ ಜೆಸಿಬಿಯೊಂದು ಅದು ಆರಲೆಂದು ಕಾಯುತ್ತಿತ್ತು. ರಾಯರು ವಾಚು ನೋಡಿಕೊಂಡು, 'ಈ ಸಲ ಸ್ವಲ್ಪ ಲೇಟು' ಎಂದರು.