ಘೋರಕೈಶೋರ ಮೀಮಾಂಸೆ

ಅನುಬಂಧ ಚತುಷ್ಟಯವನ್ನು ಹೇಳದೆ ಯಾವ ಶಾಸ್ತ್ರಗ್ರಂಥವೂ ಮುಂದಡಿ ಇಡಬಾರದೆಂಬುದು ಹಿರಿಯರ ಕಟ್ಟಪ್ಪಣೆ. ಆದ್ದರಿಂದ ಮೊದಲಿಗೆ ವಿಷಯ: ಹಾಳುಬಿದ್ದ ಅಮೆರಿಕದಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಸರ್ಕಾರವನ್ನು ಮಗುಚಿ ಹಾಕುವ ಕಾದಂಬರಿಗಳು. ಸಂಬಂಧ: ಆ ಹುಡುಗಿಗೂ ಇಬ್ಬರು ಹುಡುಗರಿಗೂ ಇರುವಂಥದ್ದು. ಪ್ರಯೋಜನ: ‘ಈಚೆಗೆ ಏನು ಓದಿದಿರಿ?’ ಎಂದು ಯಾರಾದರೂ ಕೇಳಿದಾಗ ತಡವರಿಸದೆ ಅಭಿಪ್ರಾಯ ಕೊಡುವ ಶಕ್ತಿ. ಉಳಿದದ್ದು ಅಧಿಕಾರಿ, ಅಂದರೆ ಓದಲು ಅರ್ಹನಾದವನು ಯಾರೆಂಬುದು. ತೊಡಕಿರುವುದು ಇಲ್ಲೇ.

ಇವು ಕೂರುವ ಹದಿಹರೆಯದವರ ಕಪಾಟಿಗೆ ಅಮೆರಿಕದ ಗ್ರಂಥಪಾಲಕರು ಗೊತ್ತುಮಾಡಿರುವ ವಯಸ್ಸು 12ರಿಂದ 18. ಸುಜಾನ್ ಕಾಲಿನ್ಸ್ ಬರೆದ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯಲ್ಲಿ ಪನೆಮ್ ದೇಶದ ಸರ್ಕಾರ ಕೊಲ್ಲುವ ಆಟಕ್ಕೆ ಚೀಟಿ ಎತ್ತುವುದೂ 12ರಿಂದ 18ರವರೆಗಿನ ಮಕ್ಕಳ ಹೆಸರಿನಲ್ಲೇ. ಇದನ್ನು ಕಾಕತಾಳೀಯವೆಂದು ತಳ್ಳಿಹಾಕಲು ಈ ಮೀಮಾಂಸಕನಿಗೆ ಮನಸ್ಸಿಲ್ಲ. ಹದಿನೆಂಟು ದಾಟಿದವರು ಚೀಟಿಯಿಂದ ಪಾರಾದಂತೆ ಕಪಾಟಿನಿಂದಲೂ ಪಾರಾಗಬೇಕಿತ್ತು. ಆಗಲಿಲ್ಲ. 2012ರಲ್ಲಿ ಬೌಕರ್ ಸಂಸ್ಥೆ ನಡೆಸಿದ ಸಮೀಕ್ಷೆಯಂತೆ ಈ ಕಪಾಟಿನ ಪುಸ್ತಕ ಕೊಳ್ಳುವವರಲ್ಲಿ ಶೇ. 55 ಮಂದಿ ಹದಿನೆಂಟು ತುಂಬಿದವರು. ಅವರಲ್ಲಿ ಬಹುಪಾಲು ಜನ ಕೊಂಡದ್ದು ಮಕ್ಕಳಿಗಲ್ಲ, ತಮಗೇ. ಆದ್ದರಿಂದ ನಿರ್ಣಯ: ತಾನು ಅಧಿಕಾರಿಯಲ್ಲವೆಂದು ತಿಳಿದೂ ಓದುವವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಅಲ್ಲಿಗೆ ಈ ಲೇಖಕನ ಅರ್ಹತೆಯೂ ಸಿದ್ಧಿಸಿತು.

ಇನ್ನು ಪೂರ್ವಪಕ್ಷ. ‘ಹಂಗರ್ ಗೇಮ್ಸ್ ಸ್ವಂತದ್ದಲ್ಲ, ಜಪಾನಿನ ಕೌಶುನ್ ತಕಾಮಿ 1999ರಲ್ಲೇ ‘ಬ್ಯಾಟಲ್ ರಾಯಲ್’ ಬರೆದು ಒಂದಿಡೀ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವಂತೆ ಮಾಡಿದ್ದಾನೆ’ ಎಂದು ಕೆಲವರು ಆಕ್ಷೇಪಿಸುತ್ತಾರೆ. ಕಾಲಿನ್ಸ್ ಆ ಪುಸ್ತಕದ ಹೆಸರೇ ಕೇಳಿರಲಿಲ್ಲವೆಂದೂ ತನ್ನ ಮೂಲ ಗ್ರೀಕರ ಥೀಸಿಯಸ್ ಕಥೆಯೆಂದೂ ಹೇಳಿದ್ದಾರೆ. ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕ್ರೀಟಿನ ಗೂಳಿಮೋರೆಯ ರಾಕ್ಷಸನಿಗೆ ಕಪ್ಪವಾಗಿ ಕಳಿಸುತ್ತಿತ್ತಲ್ಲ, ಅದು. ಸಂತೋಷ. ಆದರೆ ಮಹಾಭಾರತದ ಏಕಚಕ್ರನಗರವನ್ನು ಬಲ್ಲವರು ಇಷ್ಟಕ್ಕೇ ಸುಮ್ಮನಾಗುವಂತಿಲ್ಲ. ಅಲ್ಲಿಯೂ ರಾಕ್ಷಸನೊಬ್ಬನಿಗೆ ಸರದಿಯ ಮೇಲೆ ಮನೆಗೊಬ್ಬರು, ಒಂದು ಬಂಡಿ ಅನ್ನ, ಎರಡು ಕೋಣ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಅಪ್ಪ ನಾನು ಹೋಗುತ್ತೇನೆ ಎನ್ನುತ್ತಾನೆ, ಅಮ್ಮ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ತೊದಲು ಮಾತಿನ ಮಗ ಹುಲ್ಲುಕಡ್ಡಿ ಹಿಡಿದು ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಹನ್ನೆರಡು ವರ್ಷದ ತಂಗಿ ಪ್ರಿಮ್‌ಳ ಚೀಟಿ ಬಂದಾಗ ಅಕ್ಕ ಕ್ಯಾಟ್ನಿಸ್ ಎವರ್ಡೀನ್ ಮುಂದೆ ನುಗ್ಗಿದ್ದು ಇದೇ ಧಾಟಿಯಲ್ಲಿ. ವ್ಯತ್ಯಾಸ ಒಂದೇ. ನಮ್ಮಲ್ಲಿ ಸ್ವಯಂಸೇವಕನಾಗಿ ಹೋದವನು ಭೀಮ, ಅದೂ ಕುಂತಿ ಕೇಳದೆಯೇ ಒಪ್ಪಿಸಿದ್ದು. ಹೋದವನು ರಾಕ್ಷಸನ ಎದುರೇ ಕೂತು ಬಂಡಿಯ ಅನ್ನವನ್ನು ತಾನೇ ಉಂಡ. ಹಸಿವಿನ ಆಟವೆಂಬ ಹೆಸರು ನಿಜಕ್ಕೂ ಸಲ್ಲಬೇಕಾದದ್ದು ಆ ಪಂದ್ಯಕ್ಕೆ.

ಮೂಲ ನಿಷ್ಪನ್ನವಾಯಿತು, ಈಗ ಲಕ್ಷಣ. ಮಹಾಕಾವ್ಯದಲ್ಲಿ ಏನೇನು ವರ್ಣನೆ ಇರಬೇಕೆಂದು ದಂಡಿ ಪಟ್ಟಿ ಕೊಟ್ಟ. ನಮ್ಮ ಕವಿಗಳು ಅದನ್ನು ‘ಅಷ್ಟಾದಶ ವರ್ಣನೆ’ ಎಂದು ತಲೆಯ ಮೇಲೆ ಹೊತ್ತರು. ಹದಿನೆಂಟರಲ್ಲಿ ಒಂದೂ ತಪ್ಪದಂತೆ ಪಾಲಿಸಿರುವುದು ಕಾಲಿನ್ಸ್ ಅವರ ಮೂರು ಸಂಪುಟಗಳೇ ಎಂದು ಇಲ್ಲಿ ಸಾಧಿಸಲಾಗುವುದು. ನಗರವರ್ಣನೆಗೆ ಕ್ಯಾಪಿಟಲ್ ಎಂಬ ರಾಜಧಾನಿ ಇದೆ. ಅಲ್ಲಿಯ ಜನ ಔತಣದಲ್ಲಿ ಹೊಟ್ಟೆ ತುಂಬಿದ ಮೇಲೆ ವಾಂತಿಯಾಗುವ ಪೇಯ ಕುಡಿದು ಮತ್ತೆ ಉಣ್ಣುತ್ತಾರೆ. ಸಮುದ್ರಕ್ಕೆ ಮೀನುಗಾರರ ನಾಲ್ಕನೆಯ ಜಿಲ್ಲೆ, ಪರ್ವತಕ್ಕೆ ಎರಡನೆಯ ಜಿಲ್ಲೆಯ ಕೋಟೆಬೆಟ್ಟ. ಋತುಗಳೂ ಸೂರ್ಯೋದಯವೂ ಆಟದ ಮೇಲ್ವಿಚಾರಕರು ಗುಂಡಿ ಒತ್ತಿದಂತೆ ಬರುತ್ತವೆ. ಚಂದ್ರೋದಯದ ಹೊತ್ತಿಗೆ ಅಂದು ಸತ್ತ ಮಕ್ಕಳ ಮುಖಗಳು ಆಕಾಶದಲ್ಲಿ ಮೂಡುತ್ತವೆ. ಉದ್ಯಾನವೆಂದರೆ ವಿದ್ಯುತ್ ಬೇಲಿಯಾಚೆಯ ಕಾಡು. ಜಲಕೇಳಿ ಎರಡನೆಯ ಸಂಪುಟದಲ್ಲಿದೆ: ಆಟಗಾರರನ್ನು ಉಪ್ಪುನೀರಿನ ನಡುವೆ ನಿಲ್ಲಿಸಿ ಗಂಟೆ ಬಾರಿಸುವುದು, ಈಜು ಬಾರದವರದು ಅವರ ಹಣೆಬರಹ. ಮಧುಪಾನದ ಪ್ರಕರಣವನ್ನು ಗುರು ಹೇಮಿಚ್ ಒಬ್ಬನೇ ಮೂರು ಸಂಪುಟಗಳಲ್ಲೂ ನಿಭಾಯಿಸಿದ್ದಾನೆ. ಸುರತವನ್ನು ಪ್ರಕಾಶಕರು ಗುಹೆಯೊಳಗಿನ ಒಂದೆರಡು ಮುತ್ತಿಗೆ ಮಿತಿಗೊಳಿಸಿದ್ದಾರೆ. ವಿಪ್ರಲಂಭ ಬೇಕಾದಷ್ಟಿದೆ. ವಿವಾಹಕ್ಕೆ ಸೀರೆ ಸಿದ್ಧ, ಅಂದರೆ ಮದುವೆಯ ಗೌನು ಸಿದ್ಧ. ಆದರೆ ಅದು ಟೀವಿ ಸಂದರ್ಶನದ ನಡುವೆಯೇ ಹೊತ್ತಿ ಉರಿಯುತ್ತದೆ. ಕುಮಾರೋದಯ ಎರಡು ಸಲ: ಮೊದಲನೆಯದು ಪೀಟಾ ಎಂಬ ಬೇಕರಿ ಹುಡುಗ ಪ್ರೇಕ್ಷಕರ ಕರುಳು ಹಿಂಡಲು ಹೇಳಿದ ಸುಳ್ಳು, ಎರಡನೆಯದು ಕಥೆ ಮುಗಿದ ಮೇಲಿನ ಉಪಸಂಹಾರದಲ್ಲಿ ನಿಜ. ದೂತಕಾರ್ಯಕ್ಕೆ ಕೇಳಿದ ಮಾತನ್ನು ಹಾಗೇ ಒಪ್ಪಿಸುವ ಜಬ್ಬರ್‌ಜೇ ಹಕ್ಕಿಗಳು. ಪ್ರಯಾಣಕ್ಕೆ ಗೆದ್ದವರ ರೈಲುಯಾತ್ರೆ. ಮಂತ್ರಾಲೋಚನೆ, ಯುದ್ಧ, ನಾಯಕಾಭ್ಯುದಯ ಇವು ಮೂರನೆಯ ಸಂಪುಟದಲ್ಲಿ ಧಾರಾಳವಾಗಿವೆ. ಒಟ್ಟು ಹದಿನೆಂಟು. ಎಣಿಸಿಕೊಳ್ಳಬಹುದು.

ರೀತಿಯ ವಿಚಾರದಲ್ಲಿ ಒಂದೇ ಮಾತು. ಕಾಲಿನ್ಸ್ ಮೊದಲಾದವರು ಇಡೀ ಕಥೆಯನ್ನು ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿ ಹೇಳುತ್ತಾರೆ. ‘ನಾನು ಓಡುತ್ತೇನೆ, ಬಾಣ ಹೂಡುತ್ತೇನೆ, ಅವನು ಬೀಳುತ್ತಾನೆ’. ಕನ್ನಡದ ಕಿವಿಗೆ ಇದು ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಕೇಳಿಸುತ್ತದೆ.

ಶಾಸ್ತ್ರದ ನಡುವೆ ಪ್ರಯೋಗವೂ ಬೇಕೆಂದು ಆಲಿ ಕಾಂಡಿಯ ‘ಮ್ಯಾಚ್ಡ್’ (2010) ಕಾದಂಬರಿಯ ಕಥೆಯನ್ನು ನಮ್ಮ ಸೋದರತ್ತೆಗೆ ಹೇಳಿ ಅಭಿಪ್ರಾಯ ಸಂಗ್ರಹಿಸಲಾಯಿತು. ಹದಿನೇಳು ತುಂಬಿದ ಹುಡುಗಿಗೆ ಸರ್ಕಾರವೇ ಲೆಕ್ಕ ಹಾಕಿ ವರನನ್ನು ಗೊತ್ತುಮಾಡುತ್ತದೆ. ಆ ವರ ಅವಳ ಬಡಾವಣೆಯವನೇ, ಬಾಲ್ಯದ ಗೆಳೆಯ. ಆದರೂ ಪರದೆಯ ಮೇಲೆ ಒಂದು ಕ್ಷಣ ಇನ್ನೊಬ್ಬನ ಮುಖ ಕಂಡದ್ದಕ್ಕೆ ಅವಳ ಮನಸ್ಸು ಕದಡಿತು ಎಂದು ವಿವರಿಸಿದೆ.

‘ಗೊತ್ತಿರೋ ಮನೆ ಹುಡುಗ, ಇನ್ನೇನಂತೆ ಅವಳಿಗೆ? ಜಾತಕ ಕೂಡ ಕೇಳಲ್ಲ ಅಂತೀಯ’ ಎಂದರು ಅತ್ತೆ.

‘ಅತ್ತೆ, ಅಲ್ಲಿ ಊಟವನ್ನೂ ಸರ್ಕಾರವೇ ಅಳೆದು ಮನೆಗೆ ಕಳಿಸುತ್ತೆ.’

‘ಅಡುಗೆ ಮಾಡೋ ಹಾಗೇ ಇಲ್ಲವಾ? ಒಳ್ಳೇ ಊರು ಕಣೋ. ವೀಸಾ ಸಿಗುತ್ತಾ ವಿಚಾರಿಸು.’

ಎಂಬತ್ತು ತುಂಬಿದ ದಿನ ಎಲ್ಲರನ್ನೂ ಔತಣವಿಟ್ಟು ಸಾಯಿಸುತ್ತಾರೆ ಎಂದು ಮುಂದುವರಿಸಿದೆ. ಎಪ್ಪತ್ತೊಂಬತ್ತರ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹುಡುಗಿ ಓಡಿಹೋಗಲಿ ಬಿಡು’ ಎಂದರು. ಇದರಿಂದ ಲಭ್ಯವಾದ ಸೂತ್ರ: ‘ಘೋರತ್ವಂ ವಯೋಪೇಕ್ಷಂ’. ವ್ಯಾಕರಣದ ಹೊಣೆ ಲೇಖಕನದು.

ಕೀರಾ ಕ್ಯಾಸ್ ಅವರ ‘ದಿ ಸೆಲೆಕ್ಷನ್’ (2012) ಈ ಪ್ರಯೋಗಕ್ಕೆ ಒಗ್ಗಲಿಲ್ಲ. ಅದರಲ್ಲಿ ಭವಿಷ್ಯದ ಅಮೆರಿಕದ ಪ್ರಜೆಗಳನ್ನು ಒಂದರಿಂದ ಎಂಟರವರೆಗೆ ಜಾತಿಗಳಾಗಿ ವಿಂಗಡಿಸಲಾಗಿದೆ. ಜಾತಿ ಹುಟ್ಟಿನಿಂದ ಬರುತ್ತದೆ, ಕಸುಬು ಜಾತಿಯಿಂದ ಬರುತ್ತದೆ, ಮದುವೆಯಾದ ಹೆಣ್ಣಿಗೆ ಗಂಡನ ಜಾತಿ. ಇಂಥ ಭಯಾನಕ ಕಲ್ಪನೆಗಾಗಿ ಲೇಖಕಿ ನಾಲ್ಕು ಮಹಾಯುದ್ಧ ದಾಟಿ ಆಚೆ ಹೋಗಬೇಕಾಯಿತು. ನಮ್ಮವರು ಪಕ್ಕದ ಕೇರಿಗೆ ಹೋಗಿ ಬಂದರೆ ಸಾಕು. ಮೂವತ್ತೈದು ಹುಡುಗಿಯರು ಒಬ್ಬ ರಾಜಕುಮಾರನಿಗಾಗಿ ಸ್ಪರ್ಧಿಸುವ ಭಾಗವನ್ನೇ ಹೆಚ್ಚಿನ ಓದುಗರು ನೆನಪಿಟ್ಟುಕೊಂಡಿದ್ದಾರೆ, ಜಾತಿಯ ಭಾಗ ಅವರಿಗೆ ಕಥೆಯ ಹಿನ್ನೆಲೆ ಮಾತ್ರ. ಬೇರೆ ಕಡೆಯೂ ಹಾಗೇ ಆಗುತ್ತದೆ.

ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ದಾರ್ಶನಿಕವಾಗಿ ಹೆಚ್ಚು ಸಮೃದ್ಧ. ಪಾಳುಬಿದ್ದ ಶಿಕಾಗೋದಲ್ಲಿ ಐದು ಪಂಗಡ: ತ್ಯಾಗಿಗಳು, ಸ್ನೇಹಪರರು, ಸತ್ಯವಾದಿಗಳು, ಧೀರರು, ವಿದ್ವಾಂಸರು. ಹದಿನಾರು ತುಂಬಿದವರು ಸಭೆಯ ನಡುವೆ ಕೈ ಕೊಯ್ದುಕೊಂಡು ಐದು ಬಟ್ಟಲುಗಳಲ್ಲಿ ಒಂದರೊಳಗೆ ರಕ್ತ ಸುರಿಸಿ ತಮ್ಮ ಪಂಗಡವನ್ನು ಆರಿಸಿಕೊಳ್ಳಬೇಕು. ಬಟ್ಟಲುಗಳಲ್ಲಿ ಮಣ್ಣು, ನೀರು, ಕೆಂಡ, ಕಲ್ಲು, ಗಾಜು ಇರುತ್ತವೆ. ಪೃಥ್ವಿ, ಅಪ್ಪು, ತೇಜಸ್ಸು ಸ್ಪಷ್ಟ. ವಾಯು ಮತ್ತು ಆಕಾಶಗಳ ಸ್ಥಾನದಲ್ಲಿ ಕಲ್ಲು, ಗಾಜು ಬಂದದ್ದು ಹೇಗೆ? ಗಾಜು ಪಾರದರ್ಶಕವಾದ್ದರಿಂದ ಆಕಾಶವೆಂದು ಒಂದು ಪಕ್ಷ ವಾದಿಸಬಹುದು. ಕಲ್ಲನ್ನು ವಾಯುವೆಂದು ಸಾಧಿಸುವ ಪಕ್ಷ ಇನ್ನೂ ಹುಟ್ಟಬೇಕಾಗಿದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸೈನ್ಸೋ ಕಾಮರ್ಸೋ ಆರ್ಟ್ಸೋ ಎಂದು ಅದೇ ವಯಸ್ಸಿನಲ್ಲಿ ಆರಿಸಿದ ಕನ್ನಡದ ಓದುಗರಿಗೆ ಈ ಸಮಾರಂಭದಲ್ಲಿ ಅಚ್ಚರಿಯೆನಿಸುವುದು ಬಟ್ಟಲುಗಳ ಸಂಖ್ಯೆ ಮಾತ್ರ. ಅಂದಹಾಗೆ, ಈ ಕಾದಂಬರಿಯಲ್ಲಿ ವಿದ್ವಾಂಸರ ಪಂಗಡವನ್ನೇ ಖಳರ ಪಂಗಡವಾಗಿ ಚಿತ್ರಿಸಿರುವುದಕ್ಕೆ ಮೀಮಾಂಸಕ ಇಲ್ಲಿ ತನ್ನ ಪ್ರತಿಭಟನೆಯನ್ನು ದಾಖಲಿಸುತ್ತಾನೆ.

ತ್ರಿವಳಿಗಳ ಮೂರನೆಯ ಭಾಗ ಕೆಡುತ್ತದೆಂಬುದು ಈ ಕ್ಷೇತ್ರದ ಸರ್ವಸಮ್ಮತ ನಿಯಮ. ಕೆಡುವುದಕ್ಕೆ ಕಾರಣ ಸರಳ. ಸರ್ಕಾರ ಬೀಳಿಸುವುದು ಎರಡು ಪುಸ್ತಕಗಳ ಕೆಲಸ, ಬಿದ್ದ ಮೇಲೆ ನೀರು, ಅಕ್ಕಿ, ಕರೆಂಟು ಯಾರು ನೋಡಿಕೊಳ್ಳಬೇಕೆಂಬುದು ಯಾವ ಹದಿನಾರರ ನಾಯಕಿಗೂ ಹೊಳೆಯದು. ರಾತ್ ತಮ್ಮ ಮೂರನೆಯ ಭಾಗ ‘ಅಲೀಜಂಟ್’ನಲ್ಲಿ (2013) ನಾಯಕಿ ಟ್ರಿಸ್‌ಳನ್ನೇ ಸಾಯಿಸಿ ಪ್ರಶ್ನೆಯಿಂದ ಪಾರಾದರು, ಓದುಗರ ಸಿಟ್ಟಿನಿಂದ ಪಾರಾಗಲಿಲ್ಲ. ಸಿನಿಮಾದವರು ಆ ಭಾಗವನ್ನು ಎರಡಾಗಿ ಸೀಳಿ ಮೊದಲರ್ಧವನ್ನು 2016ರಲ್ಲಿ ಬಿಡುಗಡೆ ಮಾಡಿ ನಷ್ಟ ತಿಂದರು. ಉಳಿದರ್ಧ ಬರಲೇ ಇಲ್ಲ. ಹೀಗಾಗಿ ಸಿನಿಮಾ ನೋಡಿ ಅಭಿಪ್ರಾಯ ಹೇಳುವವರ ಪಾಲಿಗೆ ಟ್ರಿಸ್ ಚಿರಂಜೀವಿ. ‘ಓದಿದ್ದೇನೆ’ ಎನ್ನುವವರನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗದು.

ಕೊನೆಗೆ ರಸ. ಮಕ್ಕಳು ಸಾಯುವ ಕಥೆಯಾದ್ದರಿಂದ ಅಂಗಿರಸ ಭಯಾನಕವೋ ಕರುಣವೋ ಇರಬೇಕೆಂದು ಓದದವರು ಊಹಿಸುತ್ತಾರೆ. ಓದಿದವರನ್ನು ಕೇಳಿ ನೋಡಿ. ಪೀಟಾನೋ, ಕ್ಯಾಟ್ನಿಸ್‌ಳ ಬೇಟೆಯ ಜೊತೆಗಾರ ಗೇಲ್‌ನೋ, ಇದೇ ಮೊದಲ ಮಾತು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತೆರಡು ಹೆಣ ಬಿದ್ದ ಕಥೆ ಮುಚ್ಚಿಟ್ಟು ಬೇಕರಿಯವನು ಒಳ್ಳೆಯವನೋ ಬೇಟೆಗಾರ ಒಳ್ಳೆಯವನೋ ಎಂದು ಟೀ ಆರುವವರೆಗೆ ಚರ್ಚೆ. ಅಂಗಿರಸ ಶೃಂಗಾರವೇ, ಉಳಿದ ಎಂಟೂ ಅದಕ್ಕೆ ಒಗ್ಗರಣೆ.

ಈ ಮೀಮಾಂಸೆಯ ಮುಖ್ಯ ಸಿದ್ಧಾಂತ ಇರುವುದು ಇಲ್ಲಿ. ಕಾದಂಬರಿಯೊಳಗೆ ಕ್ಯಾಪಿಟಲ್‌ನ ಪ್ರೇಕ್ಷಕರು ಮಾಡುವುದೂ ಇದನ್ನೇ. ಅವರಿಗೆ ಬೇಕಾದದ್ದು ಪ್ರೇಮಕಥೆ. ಗುಹೆಯಲ್ಲಿ ಕ್ಯಾಟ್ನಿಸ್ ಪೀಟಾನಿಗೆ ಮುತ್ತು ಕೊಟ್ಟಾಗ ಆಕಾಶದಿಂದ ಪುಟ್ಟ ಪ್ಯಾರಾಚೂಟಿನಲ್ಲಿ ಬಿಸಿ ಸಾರು ಇಳಿಯುತ್ತದೆ. ಪ್ರಾಯೋಜಕರು ಮೆಚ್ಚಿದ್ದಾರೆ, ಇನ್ನೂ ಚೆನ್ನಾಗಿ ಅಭಿನಯಿಸು ಎಂದು ಅದರ ತಾತ್ಪರ್ಯ. ಬದುಕಲು ಪ್ರೀತಿ ನಟಿಸಬೇಕಾದ ಹುಡುಗಿಯ ಕಥೆಯನ್ನು ಓದಿ ನಾವು ಅವಳ ಪ್ರೀತಿ ಯಾರ ಮೇಲೆ ಎಂದು ಪಣ ಕಟ್ಟಿದೆವು. ವ್ಯಾಪಾರಿಗಳು ನಮ್ಮನ್ನು ನಮಗಿಂತ ಬೇಗ ಗುರುತಿಸಿದರು. 2013ರಲ್ಲಿ ಎರಡನೆಯ ಸಿನಿಮಾ ಬಂದಾಗ ಕವರ್‌ಗರ್ಲ್ ಕಂಪನಿ ‘ಕ್ಯಾಪಿಟಲ್ ಕಲೆಕ್ಷನ್’ ಎಂಬ ಸೌಂದರ್ಯವರ್ಧಕಗಳನ್ನು ಮಾರಿತು. ಕಾದಂಬರಿ ಲೇವಡಿ ಮಾಡಿದ್ದ ಬಣ್ಣಗಳೇ ಅವು. ಸಬ್‌ವೇ ಸ್ಯಾಂಡ್‌ವಿಚ್ ಅಂಗಡಿಗಳು ಹಸಿವಿನ ಕಥೆಯ ಹೆಸರಲ್ಲಿ ತಿಂಡಿ ಮಾರಿದವು. ದುಬೈಯ ಮೋಷನ್‌ಗೇಟ್ ಉದ್ಯಾನದಲ್ಲಿ ‘ಕ್ಯಾಪಿಟಲ್ ಬುಲೆಟ್ ಟ್ರೇನ್’ ಎಂಬ ರೋಲರ್ ಕೋಸ್ಟರ್ ಇದೆ. ಅಲ್ಲಿರುವ ನಮ್ಮ ಕನ್ನಡಿಗರೂ ರಜೆಯಲ್ಲಿ ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯಬಹುದು. ಕಥೆಯಲ್ಲಿ ಆ ರೈಲು ಮಕ್ಕಳನ್ನು ಕರೆದೊಯ್ಯುವುದು ಎಲ್ಲಿಗೆ ಎಂಬುದು ಟಿಕೆಟ್ಟಿನ ಮೇಲೆ ಬರೆಯುವ ವಿಷಯವಲ್ಲ.

ಸಿದ್ಧಾಂತಕ್ಕೆ ಹೊಂದದ ಉದಾಹರಣೆಯನ್ನೂ ದಾಖಲಿಸಬೇಕಾದದ್ದು ಶಾಸ್ತ್ರಧರ್ಮ. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದಾಗ ಬೀದಿಗಿಳಿದ ಜನ ಕ್ಯಾಟ್ನಿಸ್‌ಳ ಊರಿನವರಂತೆ ಮೂರು ಬೆರಳು ಎತ್ತಿದರು. ನವೆಂಬರಿನಲ್ಲಿ ಖೋನ್ ಕೇನ್ ಪಟ್ಟಣದಲ್ಲಿ ಪ್ರಧಾನಿ ಪ್ರಯುತ್ ಚಾನ್ ಓಚಾ ಭಾಷಣ ಮಾಡುತ್ತಿದ್ದಾಗ ಐವರು ವಿದ್ಯಾರ್ಥಿಗಳು ಅವರೆದುರೇ ಆ ಬೆರಳು ತೋರಿಸಿ ಬಂಧಿತರಾದರು. ಮೂರನೆಯ ಸಿನಿಮಾದ ಪ್ರದರ್ಶನವನ್ನು ಬ್ಯಾಂಕಾಕಿನ ಚಿತ್ರಮಂದಿರಗಳ ಸಂಸ್ಥೆಯೊಂದು ರದ್ದು ಮಾಡಿತು. 2021ರಲ್ಲಿ ಮ್ಯಾನ್ಮಾರ್‌ನ ಸೇನಾದಂಗೆಯ ವಿರುದ್ಧವೂ ಅದೇ ಮೂರು ಬೆರಳು. ಅವರಲ್ಲಿ ಯಾರು ಪೀಟಾನ ಪಕ್ಷ, ಯಾರು ಗೇಲ್‌ನ ಪಕ್ಷ ಎಂದು ಯಾವ ಸೇನಾಧಿಕಾರಿಯೂ ವಿಚಾರಿಸಲಿಲ್ಲ.

ತೀರ್ಪು ಹೀಗಿದೆ. ‘ಹಂಗರ್ ಗೇಮ್ಸ್’ ಮೊದಲ ಸಂಪುಟ ಉಳಿಯುತ್ತದೆ, ಏಕೆಂದರೆ ಅದು ನೋಡುವವರ ಮೇಲೂ ಕ್ಯಾಮೆರಾ ತಿರುಗಿಸಿದೆ. ‘ಡೈವರ್ಜೆಂಟ್’ ಒಂದು ರೈಲು ಪ್ರಯಾಣಕ್ಕೆ ಸಾಕು. ‘ಮ್ಯಾಚ್ಡ್’ ಅನ್ನು ಮನೆಯ ಹಿರಿಯರ ಜೊತೆ ಕೂತು ಓದಿ. ಒಂದೇ ಪುಸ್ತಕಕ್ಕೆ ಬಿಡುವಿದ್ದರೆ ಲೋಯಿಸ್ ಲೋರಿಯ ‘ದಿ ಗಿವರ್’ (1993) ಆರಿಸಿಕೊಳ್ಳಿ. ಬಣ್ಣಗಳೇ ಕಾಣದ ಊರಿನಲ್ಲಿ ಹನ್ನೆರಡು ವರ್ಷದ ಜೋನಸ್‌ಗೆ ಇಡೀ ಸಮುದಾಯ ಮರೆತ ನೆನಪುಗಳನ್ನು ಹೊರುವ ಕೆಲಸ ಬೀಳುತ್ತದೆ. ಇಬ್ಬರು ಹುಡುಗರ ಜಗಳವಿಲ್ಲ, ಪುಸ್ತಕವೂ ಚಿಕ್ಕದು, ಮೇಲೆ ಹೇಳಿದ ಯಾವುದಕ್ಕಿಂತಲೂ ಹೆಚ್ಚು ಕಾಡುತ್ತದೆ. ಅದಕ್ಕೂ ಮುಂದಿನ ಮೂರು ಭಾಗಗಳು ಬಂದಿವೆ. ಅವನ್ನು ಓದಲೇಬೇಕೆಂದಿಲ್ಲ.