ಹಿಮವಿಲ್ಲದ ಜಾರುವಿಕೆಯ ದರ್ಜೆ ನಿರ್ಣಯ: ಸಿದ್ಧಕಟ್ಟೆ ಸೀಮೆಯ ಆಧಾರದಲ್ಲಿ ಒಂದು ಮೀಮಾಂಸೆ

ಪೂರ್ವಪಕ್ಷ: ಆಲ್ಪ್ಸ್ ಪರ್ವತದ ಪಂಡಿತರು ಸ್ಕೀ ಇಳಿಜಾರುಗಳಿಗೆ ಬಣ್ಣ ಹಂಚಿದ್ದಾರೆ. ಕಲಿಯುವವರಿಗೆ ನೀಲಿ, ಪಳಗಿದವರಿಗೆ ಕೆಂಪು, ಜೀವದ ಆಸೆ ಬಿಟ್ಟವರಿಗೆ ಕಪ್ಪು. ಫ್ರೆಂಚರು ಕರುಣೆಯಿಂದ ನೀಲಿಗೂ ಮೊದಲು ಹಸಿರೊಂದನ್ನು ಸೇರಿಸಿದರು. ಆಸ್ಟ್ರಿಯಾದ ಲೆಕ್ಕದಲ್ಲಿ ನೀಲಿಯ ಇಳಿಜಾರು ಶೇ. 25 ದಾಟಬಾರದು, ಕೆಂಪಿನದು ಶೇ. 40. ಜಾರುವವನನ್ನು ಬಿಟ್ಟು ಗುಡ್ಡವನ್ನು ಅಳೆಯುವ ಈ ಪದ್ಧತಿ ಎಷ್ಟು ಶಾಸ್ತ್ರೀಯವೆಂದು ಯಾರೂ ಕೇಳಿದಂತಿಲ್ಲ.

ಸಿದ್ಧಾಂತ: ಒಂದು ಕಡೆಯಿಂದ ಬೆಳ್ತಂಗಡಿ, ಇನ್ನೊಂದು ಕಡೆಯಿಂದ ಮೂಡುಬಿದಿರೆ ಎಳೆಯುತ್ತಿರುವ ಬಂಟ್ವಾಳದ ಸಿದ್ಧಕಟ್ಟೆಯಲ್ಲಿ ಹಿಮವಿಲ್ಲ, ಕೆಸರುಂಟು. ಹತ್ತಿರದ ಹೊಕ್ಕಾಡಿಗೋಳಿಯಾಗಲಿ, ವೇಣೂರಾಗಲಿ, ಮೂಡುಬಿದಿರೆಯಾಗಲಿ, ಕೋಣಗಳನ್ನು ಓಡಿಸುವ ಕಂಬಳದ ಕರೆ, ಅಂದರೆ ಓಟದ ಕೆಸರುಗದ್ದೆ, ಚಪ್ಪಟೆ. ಇಳಿಜಾರು ಮಾಡಬೇಕಾದ ಕೆಲಸವನ್ನು ಕೋಣಗಳಿಗೆ ವಹಿಸಲಾಗಿದೆ. ಓರೆಯೆಂಬುದು ಇರುವುದು ಓಟ ಮುಗಿಯುವ ಮಂಜೊಟ್ಟಿಯಲ್ಲಿ ಮಾತ್ರ, ಅದೂ ಮೇಲ್ಮುಖವಾಗಿ. ನ್ಯೂಟನ್ನನಿಗೆ ಇಲ್ಲಿ ಪ್ರೇಕ್ಷಕನ ಸ್ಥಾನ.

ದರ್ಜೆಗಳು ಸ್ಪಷ್ಟ. ನೇಗಿಲು ಮತ್ತು ಹಗ್ಗದಲ್ಲಿ ಓಡಬೇಕು, ಎರಡಕ್ಕೂ ಹಿರಿಯ, ಕಿರಿಯ ಎಂಬ ವಿಭಾಗಗಳುಂಟು. ಕಿರಿಯತನವನ್ನು ಕೋಣದ ಹಲ್ಲು ನೋಡಿ ನಿರ್ಣಯಿಸುತ್ತಾರೆ. ಹಿಂದೆ ಓಡುವವನ ಬಾಯಿ ತೆರೆಸುವ ಪದ್ಧತಿಯಿಲ್ಲ. ಹಾಗಾದರೆ ಮನುಷ್ಯನ ಯೋಗ್ಯತೆ ತಿಳಿಯುವುದೆಂತು ಎಂದು ಆಕ್ಷೇಪಿಸಬಹುದು. ಅವನು ಮಂಜೊಟ್ಟಿ ಮುಟ್ಟಿದನೇ, ಕೋಣಗಳು ಮಾತ್ರ ಮುಟ್ಟಿದವೇ ಎಂಬುದು ಸಭಿಕರಿಗೆ ಕಂಡೇ ಕಾಣುತ್ತದೆ.

ಹಲಗೆಯ ಮೇಲೆ ನಿಂತು ಕೆಸರಲ್ಲಿ ಜಾರುವ ಅಡ್ಡಹಲಗೆಯೇ ನಿಜವಾದ ಸ್ಕೀ. ಅದಕ್ಕೂ ಮೇಲಿನದು ಕನೆಹಲಗೆ. ಇಲ್ಲಿ ವೇಗ ಗೌಣ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು. ಸ್ಕೀಗಾರರೂ ತಿರುವುಗಳಲ್ಲಿ ಹಿಮ ಎರಚುತ್ತಾರಲ್ಲ, ಅದೆಷ್ಟು ಕೋಲು ಹಾರಿತೆಂದು ನೋಡುವ ಶ್ರದ್ಧೆ ಯುರೋಪಿಗೆ ಬರಲಿಲ್ಲ.

ಆದರೂ ಒಮ್ಮೆ ಅವರಿಗೆ ಬುದ್ಧಿ ಬಂದಿತ್ತು. 1928ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ, ಸವಾರರಿಲ್ಲದ ಕುದುರೆಗಳ ಹಿಂದೆ ಹಗ್ಗ ಹಿಡಿದು ಸ್ಕೀ ಓಡಿಸಿದರು. ಪ್ರದರ್ಶನಕ್ಕಷ್ಟೇ ಇಟ್ಟ ಸ್ಪರ್ಧೆ. ನೆಲ ಸಪಾಟು, ಎಳೆಯಲು ಪ್ರಾಣಿ, ಕೈಯಲ್ಲಿ ಹಗ್ಗ: ಲಕ್ಷಣಗಳೆಲ್ಲ ಹೊಂದುತ್ತವೆ. ಮೊದಲ ಮೂರೂ ಸ್ಥಾನ ಸ್ವಿಸ್ಸರ ಪಾಲಾಯಿತು. ಅದು ಹಗ್ಗ ಹಿರಿಯವೋ ಹಗ್ಗ ಕಿರಿಯವೋ ಎಂದು ಈಗ ಹೇಳುವಂತಿಲ್ಲ; ಕುದುರೆಗಳ ಹಲ್ಲಿನ ದಾಖಲೆಯನ್ನು ಒಲಿಂಪಿಕ್ ಸಮಿತಿ ಇನ್ನಾದರೂ ಹೊರಗೆಡವಲಿ.